ನೆಲಗೂಡಿನ ಹುಲ್ಲುಗಾವಲು ಹಕ್ಕಿಗಳು: ಗೂಡು ಬಿಟ್ಟ ಮರಿಗಳು ಎಲ್ಲಿಗೆ ಹೋಗುತ್ತವೆ, ಯಾವಾಗ ಸಾಯುತ್ತವೆ?

ಬಯಲುನೋಟ ಎಂಬ ಅಡ್ಡಹೆಸರಿನವರು ಕೇಳಿದ ಪ್ರಶ್ನೆ (ಕೆಳಗಿನ ಪ್ರತಿ ಭಾಗದ ಮೇಲೆ ಬರೆದವರ ಅಡ್ಡಹೆಸರಿದೆ)

ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಸಣ್ಣ ಹಾಡುಹಕ್ಕಿಗಳ ಗಣತಿಯಲ್ಲಿ ಒಂದು ಲೆಕ್ಕ ಕೂಡಿಬರುತ್ತಿಲ್ಲ. ಗೂಡುಗಳು ತಕ್ಕಮಟ್ಟಿಗೆ ಗೆಲ್ಲುತ್ತಿವೆ, ಮರಿಗಳು ಹೊರಬೀಳುತ್ತಿವೆ. ಆದರೂ ವರ್ಷದಿಂದ ವರ್ಷಕ್ಕೆ ಜೋಡಿಗಳು ಕಡಿಮೆಯಾಗುತ್ತಿವೆ. ಬೆಳೆದ ದೊಡ್ಡ ಹಕ್ಕಿಗಳ ಸಾವು ಏರಿದ ಸುಳಿವಿಲ್ಲ. ಹಾಗಾದರೆ ಸೋರಿಕೆ ಇರುವುದು ಮರಿ ಗೂಡು ಬಿಟ್ಟ ನಂತರವೇ ಇರಬೇಕು ಎಂಬ ಗುಮಾನಿ.

ಕೇಳಬೇಕಾಗಿರುವುದು ಇಷ್ಟು. ಗೂಡು ಬಿಟ್ಟ ಮರಿ ಮೊದಲ ಮೂರು ವಾರ ಎಷ್ಟು ದೂರ ಹೋಗುತ್ತದೆ, ಹೇಗೆ ಚಲಿಸುತ್ತದೆ? ಸಾವು ಯಾವ ದಿನಗಳಲ್ಲಿ ಹೆಚ್ಚು? 12–13 ಗ್ರಾಂ ತೂಗುವ ಮರಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟುವಾಗ ಏನೇನು ಎಡವಟ್ಟಾಗುತ್ತದೆ? ಬಂದ ಮಾಹಿತಿಯನ್ನು ಯಾವ ಮಾದರಿಯಲ್ಲಿ ಲೆಕ್ಕ ಹಾಕಬೇಕು? ಕಾಲಿಗೆ ಗುರುತಿನ ಉಂಗುರ ತೊಡಿಸುವ ಮತ್ತು ಟ್ರಾನ್ಸ್‌ಮಿಟರ್ ಕಟ್ಟುವ ಅನುಮತಿ ಇದೆ, ಆ ಚರ್ಚೆ ಬೇಡ.

---

ಗರಿಮೂಲ

ಈ ಮರಿಗಳು ಗೂಡಿನಿಂದ ಹಾರಿಹೋಗುವುದಿಲ್ಲ, ನಡೆದುಹೋಗುತ್ತವೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಮರದ ಪೊಟರೆಯಲ್ಲಿ ಬೆಳೆಯುವ ಮರಿಗೆ ರೆಕ್ಕೆ ಬಲಿಯುವವರೆಗೆ ಕಾಯುವ ಅವಕಾಶವಿದೆ. ನೆಲಗೂಡಿನ ಮರಿಗೆ ಆ ಪುರುಸೊತ್ತಿಲ್ಲ. ಗ್ರಾಸ್‌ಹಾಪರ್ ಸ್ಪ್ಯಾರೋ ಮರಿ ಮೊಟ್ಟೆಯೊಡೆದ 8–9ನೇ ದಿನಕ್ಕೇ ಹೊರಡುತ್ತದೆ. ಡಿಕ್‌ಸಿಸೆಲ್ ಮತ್ತು ಯುರೋಪಿನ ಸ್ಕೈಲಾರ್ಕ್ 8–10ಕ್ಕೆ, ಬೋಬೊಲಿಂಕ್ 10–11ಕ್ಕೆ, ಈಸ್ಟರ್ನ್ ಮೆಡೊಲಾರ್ಕ್ 10–12ಕ್ಕೆ (ಸ್ಕೈಲಾರ್ಕ್ ಬಿಟ್ಟು ಉಳಿದವೆಲ್ಲ ಉತ್ತರ ಅಮೆರಿಕದ ಹುಲ್ಲುಗಾವಲು ಹಕ್ಕಿಗಳು). ಸ್ಕೈಲಾರ್ಕ್ ಮರಿ ಸರಿಯಾಗಿ ಹಾರಲು ಕಲಿಯುವುದು 18–20ನೇ ದಿನದ ಹೊತ್ತಿಗೆ. ಅಂದರೆ ನಡುವಿನ ಒಂದು ವಾರಕ್ಕೂ ಹೆಚ್ಚು ಕಾಲ ಅದು ಗೂಡಿನಲ್ಲೂ ಇಲ್ಲ, ಗಾಳಿಯಲ್ಲೂ ಇಲ್ಲ. ನಿಮ್ಮ ಸೋರಿಕೆ ಬಹುಪಾಲು ಅಲ್ಲೇ ಇರುತ್ತದೆ.

ಮೈಬೆಳವಣಿಗೆಯೂ ಇದಕ್ಕೆ ತಕ್ಕಂತೆಯೇ ಇದೆ. ಗೂಡು ಬಿಡುವ ಹೊತ್ತಿಗೆ ಕಾಲಿನ ಮೂಳೆ ಹೆಚ್ಚುಕಡಿಮೆ ದೊಡ್ಡ ಹಕ್ಕಿಯ ಅಳತೆಗೆ ಬಂದಿರುತ್ತದೆ. ರೆಕ್ಕೆಗರಿಗಳು ಇನ್ನೂ ಕೊಳವೆಯೊಳಗೆ ಅರ್ಧ ಮುಚ್ಚಿಕೊಂಡಿರುತ್ತವೆ, ಬಾಲ ಮೊಂಡು. ಲಾರ್ಕ್, ಪಿಪಿಟ್ ಮರಿಗಳು ನಡೆಯುತ್ತವೆ, ಓಡುತ್ತವೆ. ಸ್ಪ್ಯಾರೋ ಜಾತಿಯವು ಕುಪ್ಪಳಿಸುತ್ತವೆ, ಒಣಹುಲ್ಲಿನ ಹಾಸಿನಡಿ ಇಲಿಯಂತೆ ನುಸುಳುತ್ತವೆ. ತಾಯಿತಂದೆ ಎಚ್ಚರಿಕೆಯ ಕೂಗು ಕೊಟ್ಟರೆ ಮರಿ ಓಡುವುದಿಲ್ಲ, ಇದ್ದಲ್ಲೇ ನೆಲಕ್ಕೆ ಅಂಟಿ ಕೂರುತ್ತದೆ. ಹಗಲು ಹೊತ್ತು ಕಣ್ಣಿಂದ ಹುಡುಕುವ ಬೇಟೆಗಾರನ ಮುಂದೆ ಇದು ಒಳ್ಳೆಯ ಉಪಾಯ. ವಾಸನೆ ಹಿಡಿದು ಬರುವ ಹಾವಿಗೆ, ಸಣ್ಣ ಸಸ್ತನಿಗೆ ಇದರಿಂದ ಏನೂ ಅಡ್ಡಿಯಿಲ್ಲ.

ಇಷ್ಟು ಬೇಗ ಹೊರಡುವುದೇಕೆ? ನೆಲದ ಗೂಡಿಗೆ ಬೇಟೆಗಾರ ಬಂದರೆ ಇಡೀ ಸಂಸಾರ ಒಮ್ಮೆಲೇ ಹೋಗುತ್ತದೆ. ಚದುರಿದ ನಾಲ್ಕು ಮರಿಗಳಲ್ಲಿ ಒಂದು ಸಿಕ್ಕರೂ ಮೂರು ಉಳಿಯಬಹುದು. ಲಾಭ ತಾಯಿತಂದೆಗೆ, ಅಪಾಯ ಒಂದೊಂದು ಮರಿಗೆ. ಬಹಳಷ್ಟು ಹಾಡುಹಕ್ಕಿಗಳಲ್ಲಿ ಗೂಡು ಬಿಟ್ಟ ಕೂಡಲೇ ಮರಿಯ ದಿನದ ಬದುಕುಳಿಕೆ (ಒಂದು ದಿನ ಕಳೆದು ಬದುಕಿರುವ ಸಾಧ್ಯತೆ) ಗೂಡಿನಲ್ಲಿದ್ದಾಗಿನದಕ್ಕಿಂತ ಕೆಳಗಿಳಿಯುವುದು ಇದೇ ಕಾರಣಕ್ಕೆ.

ದೂರದ ಬಗ್ಗೆ: ಮೊದಲ ದಿನ ಕೆಲವು ಮೀಟರ್‌ನಿಂದ ಕೆಲವು ಹತ್ತು ಮೀಟರ್. ಒಂದೇ ಗೂಡಿನ ಮರಿಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಎಷ್ಟೋ ಜಾತಿಗಳಲ್ಲಿ ತಾಯಿ ಕೆಲವನ್ನು, ತಂದೆ ಕೆಲವನ್ನು ಪಾಲು ಹಂಚಿಕೊಂಡು ಉಣಿಸುತ್ತವೆ. ಮೊದಲ ವಾರವಿಡೀ ಮರಿ ಸಾಮಾನ್ಯವಾಗಿ ತಾಯಿತಂದೆಯ ಸೀಮೆಯ ಒಳಗೋ ಅದರ ಅಂಚಿನಲ್ಲೋ ಇರುತ್ತದೆ. ರೆಕ್ಕೆ ಹಿಡಿತಕ್ಕೆ ಬಂದ ಮೇಲೆ ನೂರಾರು ಮೀಟರ್ ಜಿಗಿತಗಳು ಶುರು. ಮೂರು–ನಾಲ್ಕು ವಾರಕ್ಕೆ ಸ್ವತಂತ್ರವಾಗಿ, ಮರಿಗಳ ಗುಂಪು ಸೇರಿ, ಹುಟ್ಟಿದ ಜಾಗದ ನಂಟು ಕಡಿದುಕೊಳ್ಳುತ್ತದೆ. ನಿಮ್ಮ ನಕ್ಷೆಯಲ್ಲಿ ಗೆರೆ ನೇರವಾಗಿ ಬಂದರೆ ಅನುಮಾನ ಪಡಿ. ಮೊದಲ ದಿನಗಳ ಗೆರೆ ಸುತ್ತಿ ಸುಳಿದಾಡುತ್ತದೆ. ಹಾರದ ಮರಿಯ ಸಿಗ್ನಲ್ ಒಂದೇ ದಿನದಲ್ಲಿ ಮುನ್ನೂರು ಮೀಟರ್ ಸರಿದಿದ್ದರೆ ಅದನ್ನು ಬೇರೆ ಯಾರೋ ಹೊತ್ತೊಯ್ದಿದ್ದಾರೆ.

ಮಳೆ, ಚಳಿ, ಬಿಸಿಲನ್ನೂ ಮರೆಯಬೇಡಿ. ಅರ್ಧ ಗರಿ ಬಂದ ಮರಿ ಒದ್ದೆಯಾದರೆ ಮೈಶಾಖ ಹಿಡಿದಿಡಲಾರದು, ತಾಯಿಯ ಕಾವೂ ಈಗ ಇಲ್ಲ. ಬಿಸಿಲಿನಲ್ಲಿ ಬರಿನೆಲದ ಶಾಖ ಗಾಳಿಯ ಶಾಖಕ್ಕಿಂತ ಎಷ್ಟೋ ಮೇಲಿರುತ್ತದೆ. ಹವಾಮಾನ ಕೇಂದ್ರದ ಅಂಕಿಯ ಜೊತೆಗೆ ಹುಲ್ಲಿನ ಬುಡದಲ್ಲಿ, ನೆಲದಿಂದ 5 ಸೆಂ.ಮೀ. ಎತ್ತರದಲ್ಲಿ, ಸಣ್ಣ ತಾಪಮಾಪಕಗಳನ್ನು ಇಡಿ.

---

ಆಂಟೆನಾಕೈ

ಕಟ್ಟುವ ಮತ್ತು ಹುಡುಕುವ ಭಾಗ ನಾನು ಹೇಳುತ್ತೇನೆ.

ತೂಕ. ಮರಿಯ ಅಂದಿನ ತೂಕದ 5% ಮೀರಬಾರದು, 3–4% ಇದ್ದರೆ ನೆಮ್ಮದಿ. 12 ಗ್ರಾಂ ಮರಿಗೆ 5% ಎಂದರೆ 0.6 ಗ್ರಾಂ. ಇದರಲ್ಲಿ ಹಾರ್ನೆಸ್ (ಮೈಗೆ ಕಟ್ಟುವ ದಾರದ ಕುಣಿಕೆ), ಅಂಟು, ಆಂಟೆನಾ ಎಲ್ಲ ಸೇರಿದೆ. ತಯಾರಕರು ಕೊಡುವ ತೂಕ ಬರಿಯ ಟ್ರಾನ್ಸ್‌ಮಿಟರಿನದು, ಆದ್ದರಿಂದ ಕಟ್ಟಿ ಮುಗಿಸಿದ ಮೇಲೆ 0.01 ಗ್ರಾಂ ತೋರುವ ತಕ್ಕಡಿಯಲ್ಲಿ ನೀವೇ ತೂಗಿ. ಈ ಗಾತ್ರದ ಬ್ಯಾಟರಿ ಸುಮಾರು ಮೂರು–ನಾಲ್ಕು ವಾರ ಬರುತ್ತದೆ. ಪಲ್ಸ್ (ಸಿಗ್ನಲ್ ಬಡಿತ) ನಿಧಾನ ಮಾಡಿಸಿದರೆ ಆಯಸ್ಸು ಹೆಚ್ಚುತ್ತದೆ, ಆದರೆ ನಡೆಯುತ್ತ ಹುಡುಕುವಾಗ ಎರಡು ಬಡಿತಗಳ ನಡುವೆ ಆಂಟೆನಾ ದಿಕ್ಕು ತಪ್ಪಿರುತ್ತದೆ. ಅತಿಯಾಸೆ ಬೇಡ. ನಿಮಗೆ ಬೇಕಿರುವುದು ಮೊದಲ ಮೂರು ವಾರ.

ಹಾರ್ನೆಸ್. 1991ರಲ್ಲಿ ರ‍್ಯಾಪೋಲ್ ಮತ್ತು ಟಿಪ್ಟನ್ ವಿವರಿಸಿದ ತೊಡೆಕುಣಿಕೆ ಮಾದರಿಯೇ ಸಾಕು. ಎರಡು ಕುಣಿಕೆ ತೊಡೆಗಳ ಮೇಲ್ಭಾಗಕ್ಕೆ, ಯಂತ್ರ ಸೊಂಟದ ಮೂಳೆಯ ಮೇಲೆ. ಮರಿಗೆ ಬಿಗಿ ದಾರ ಕೂಡದು, ಅದು ಇನ್ನೂ ಬೆಳೆಯುತ್ತದೆ. ತೆಳು ಎಲಾಸ್ಟಿಕ್ ದಾರ ಹಾಕಿ; ಬಿಸಿಲಿಗೆ, ತೇವಕ್ಕೆ ಹಳಸಿ ತಾನೇ ಕಡಿದು ಬೀಳುವಂಥದ್ದು ಉತ್ತಮ. ಕುಣಿಕೆಯ ಅಳತೆಯನ್ನು ಮೊದಲೇ ಎರಡು–ಮೂರು ಗಾತ್ರದಲ್ಲಿ ಮಾಡಿಟ್ಟುಕೊಂಡರೆ ಮರಿಯನ್ನು ಕೈಯಲ್ಲಿಟ್ಟುಕೊಂಡು ಗಂಟು ಹಾಕುವ ಪ್ರಮೇಯ ಬರುವುದಿಲ್ಲ. ತೊಡಿಸಿದ ಮೇಲೆ ಯಂತ್ರವನ್ನು ಮೆಲ್ಲಗೆ ಎತ್ತಿ ನೋಡಿ: ಬೆನ್ನಿಗೂ ಅದಕ್ಕೂ ನಡುವೆ 1–2 ಮಿ.ಮೀ. ಜಾಗ ಬರಬೇಕು. ಹೆಚ್ಚಿದ್ದರೆ ಕಾಲು ಕುಣಿಕೆಯಿಂದ ಜಾರುತ್ತದೆ ಅಥವಾ ಉಗುರು ಸಿಕ್ಕಿಕೊಳ್ಳುತ್ತದೆ. ಕಡಿಮೆಯಿದ್ದರೆ ತೊಡೆಯ ಸಂದಿನಲ್ಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಬಾಲದ ಬುಡದ ಎಣ್ಣೆಗ್ರಂಥಿಗೆ ಯಂತ್ರ ತಾಗಬಾರದು, ಗುದದ್ವಾರದ ಮೇಲೆ ದಾರ ಬರಬಾರದು. ರೆಕ್ಕೆಯ ಗರಿಕೊಳವೆಗಳಲ್ಲಿ ರಕ್ತವಿರುತ್ತದೆ. ಹಿಡಿಯುವಾಗ ಅವನ್ನು ಒತ್ತಬೇಡಿ.

ಆಂಟೆನಾ. ಮರಿಗೆ ಬಾಲವಿಲ್ಲದ್ದರಿಂದ ತಂತಿ ಹಿಂದಕ್ಕೆ ಉದ್ದವಾಗಿ ಚಾಚಿಕೊಂಡು ಒಣಹುಲ್ಲಿನಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ಮೊಟಕು ಮಾಡಿದರೆ ಸಿಗ್ನಲ್ ದೂರ ಕುಗ್ಗುತ್ತದೆ. ಬಗ್ಗುವ ತೆಳು ತಂತಿ ಆರಿಸಿ, ತುದಿಗೆ ಗಂಟು, ಗುಂಡಿ ಏನೂ ಬೇಡ.

ಸಮಯ. ಗೂಡು ಬಿಡುವ ಹಿಂದಿನ ದಿನ ಕಟ್ಟುವುದು ಗುರಿ. ಇದಕ್ಕೆ ಮರಿಯ ವಯಸ್ಸು ಖಚಿತವಿರಬೇಕು, ಆದ್ದರಿಂದ ಮೊಟ್ಟೆಯೊಡೆಯುವ ದಿನ ದಾಖಲಾಗಿಲ್ಲದ ಗೂಡುಗಳನ್ನು ಬಿಟ್ಟುಬಿಡಿ. ಎರಡು ದಿನ ಮೊದಲೇ ಕಟ್ಟಿದರೆ ಮರಿ ಹಗುರ, ತೊಡೆ ಸಣ್ಣ, ಯಂತ್ರ ಗೂಡಿನಲ್ಲೇ ಕಳಚಿ ಬೀಳುತ್ತದೆ. ಕೆಲವೊಮ್ಮೆ ತಾಯಿಯೇ ಅದನ್ನು ಕಸವೆಂದು ಎಳೆದು ಹಾಕುತ್ತದೆ, ಮರಿಯ ಸಮೇತ. ತಡ ಮಾಡಿದರೆ ಮುಟ್ಟಿದ ಕೂಡಲೇ ಎಲ್ಲ ಮರಿಗಳೂ ಗೂಡಿನಿಂದ ಸಿಡಿದು ಹೊರಡುತ್ತವೆ. ಹೀಗೆ ಬಲವಂತವಾಗಿ ಹೊರಟ ಮರಿಗಳು ವಯಸ್ಸಿಗಿಂತ ಮುಂಚೆ ನೆಲಕ್ಕೆ ಬಿದ್ದಂತೆ; ನಿಮ್ಮ ಅಂಕಿಯನ್ನು ನೀವೇ ಕೆಡಿಸಿಕೊಂಡಂತೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಗೂಡಿನಲ್ಲಿಟ್ಟು ಅಂಗೈಯಿಂದಲೋ ತೆಳು ಬಟ್ಟೆಯಿಂದಲೋ ಒಂದೆರಡು ನಿಮಿಷ ಮುಚ್ಚಿ, ಕತ್ತಲಲ್ಲಿ ಅವು ಸುಮ್ಮನಾದ ಮೇಲೆ ಸದ್ದಿಲ್ಲದೆ ಹೊರಡಿ. ಮಳೆಯಲ್ಲಿ, ಇಬ್ಬನಿ ಆರದ ಹುಲ್ಲಿನಲ್ಲಿ, ನಡು ಮಧ್ಯಾಹ್ನ, ಮುಸ್ಸಂಜೆ ಈ ಕೆಲಸ ಬೇಡ. ಒಂದು ಗೂಡಿಗೆ ಹತ್ತು–ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅಭ್ಯಾಸ ಸಾಲದು ಎಂದರ್ಥ.

ಹುಡುಕಾಟ. ಮೊದಲ ವಾರ ದಿನಕ್ಕೊಮ್ಮೆ, ತಪ್ಪಿಸಬಾರದು. ಆಮೇಲೆ ಎರಡು ದಿನಕ್ಕೊಮ್ಮೆ ಸಾಕು. ನೆಲದಲ್ಲಿ ಕೂತ ಮರಿಯ ಸಿಗ್ನಲ್ ಒದ್ದೆ ಹುಲ್ಲಿನಲ್ಲಿ ಬೇಗ ಸಾಯುತ್ತದೆ; ಕೈ ಆಂಟೆನಾಕ್ಕೆ ಕೆಲವು ನೂರು ಮೀಟರ್ ಸಿಕ್ಕರೆ ಪುಣ್ಯ. ದಿಬ್ಬ ಹತ್ತಿ, ಆಂಟೆನಾ ಎತ್ತರಕ್ಕೆ ಹಿಡಿದು ಕೇಳಿ. ಹತ್ತಿರ ಬಂದಂತೆ ರಿಸೀವರಿನ ಗೇನ್ (ಸಿಗ್ನಲ್ ಹಿಡಿಯುವ ಸೂಕ್ಷ್ಮತೆ) ಇಳಿಸದಿದ್ದರೆ ಎಲ್ಲ ದಿಕ್ಕಿನಿಂದಲೂ ಒಂದೇ ಜೋರಿನ ಸದ್ದು ಬರುತ್ತದೆ. ಮರಿಯ ಸುತ್ತ 10–15 ಮೀಟರ್ ದೂರದಲ್ಲಿ ಅರ್ಧ ವೃತ್ತ ಹಾಕಿ ಮೂರು ಕಡೆಯಿಂದ ದಿಕ್ಕು ಗುರುತಿಸಿ. ಬದುಕಿದೆಯೇ ಎಂಬುದನ್ನು ಸಾಧ್ಯವಾದಷ್ಟು ತಾಯಿತಂದೆ ಮೇವು ತರುವುದರಿಂದ, ಮರಿಯ ಕೂಗಿನಿಂದ, ಸಿಗ್ನಲ್ ಏರಿಳಿತದಿಂದ ತಿಳಿಯಿರಿ. ನಿನ್ನೆ ಇದ್ದಲ್ಲೇ ಇವತ್ತೂ ಅಲುಗದೆ ಇದ್ದರೆ ಮಾತ್ರ ಮರಿಯ ತನಕ ಹೋಗಿ. ಹೋಗುವಾಗ ನೇರ ಹೋಗಿ ನೇರ ಹಿಂದೆ ಬರಬೇಡಿ. ಹುಲ್ಲು ಮಲಗಿದ ಹಾದಿ ಮರಿಯ ಬುಡದಲ್ಲಿ ಮುಗಿದರೆ ನರಿಗೆ ನೀವೇ ದಾರಿ ತೋರಿಸಿದಂತಾಗುತ್ತದೆ. ಮರಿಯನ್ನು ದಾಟಿ ಮುಂದೆ ನಡೆದುಬಿಡಿ.

ಸಾವಿನ ಕಾರಣ. ಇಲ್ಲಿ ಎಲ್ಲರೂ ಸ್ವಲ್ಪ ಹೆಚ್ಚೇ ಧೈರ್ಯ ಮಾಡುತ್ತಾರೆ. ಕಿತ್ತ ಗರಿಗಳು ಒಂದೇ ಕಡೆ ಸುತ್ತ ಬಿದ್ದಿದ್ದರೆ, ಅಥವಾ ಬೇಲಿಗೂಟದ ಕೆಳಗೆ ಯಂತ್ರ ಸಿಕ್ಕರೆ ಹದ್ದು–ಡೇಗೆ ಜಾತಿ ಎನ್ನಬಹುದು. ಆಂಟೆನಾ ಜಗಿದು ನುಲಿದಿದ್ದು, ಅಂಟಿನ ಮೇಲೆ ಹಲ್ಲಿನ ಗುರುತು, ಬಿಲದೊಳಗೋ ಮಣ್ಣಡಿಯೋ ಹೂತಿಟ್ಟ ಯಂತ್ರ ಇದ್ದರೆ ಸಸ್ತನಿ. ಸಿಗ್ನಲ್ ಜೀವಂತ, ನಿಧಾನವಾಗಿ ಸರಿಯುತ್ತದೆ, ಆದರೆ ಮರಿ ಕಾಣದು, ನೆಲದ ಬಿರುಕಿನಿಂದ ಬರುತ್ತಿದೆ: ಹಾವು. ಕೆಲವು ದಿನ ಕಾದರೆ ಯಂತ್ರ ಹಿಕ್ಕೆಯಲ್ಲಿ ಹೊರಬರುತ್ತದೆ. ಗಾಯವಿಲ್ಲದ ಇಡೀ ದೇಹ ಸಿಕ್ಕು, ಎದೆಮೂಳೆ ಚೂಪಾಗಿ ಎದ್ದಿದ್ದರೆ ಹಸಿವು. ಮೂಳೆಯ ಮೇಲೆ ಮಾಂಸ ತುಂಬಿದ್ದು ಹಿಂದಿನ ರಾತ್ರಿ ಮಳೆಯಾಗಿದ್ದರೆ ಚಳಿ. ಚಳಿಗೆ ಸತ್ತದ್ದನ್ನು ಆಮೇಲೆ ಸಸ್ತನಿ ತಿಂದರೂ ಹಲ್ಲಿನ ಗುರುತು ಸಿಗುತ್ತದೆ. ಒಂದು ದಿನಕ್ಕಿಂತ ಹಳೆಯದಾದರೆ ‘ಕಾರಣ ತಿಳಿಯದು’ ಎಂದೇ ಬರೆಯಿರಿ.

---

ಎಣಿಕೆಮನೆ

ಲೆಕ್ಕದ ಕಡೆಯಿಂದ ಮೂರು ಮಾತು. ಮೊದಲನೆಯದರ ಮೇಲೆ ಉಳಿದೆಲ್ಲ ನಿಂತಿದೆ.

ದಿನದ ಬದುಕುಳಿಕೆ ಎಲ್ಲ ದಿನವೂ ಒಂದೇ ಎಂದು ಹಿಡಿಯಬೇಡಿ. ಕಾಲ್ಪನಿಕ ಅಂಕಿಯಿಂದ ನೋಡೋಣ. ಗೂಡು ಬಿಟ್ಟ ಮೊದಲ 4 ದಿನ ದಿನಕ್ಕೆ 0.90, ಮುಂದಿನ 17 ದಿನ ದಿನಕ್ಕೆ 0.985 ಇರಲಿ. ಮೊದಲ ಭಾಗ 0.66, ಎರಡನೆಯದು 0.77, ಗುಣಿಸಿದರೆ 21 ದಿನಕ್ಕೆ 0.51. ಈಗ ಯಾರೋ ಐದನೇ ದಿನದ ನಂತರ ಬಲೆಗೆ ಸಿಕ್ಕ ಮರಿಗಳಿಗಷ್ಟೇ ಯಂತ್ರ ಕಟ್ಟಿ, 0.985 ಎಂಬ ದರವನ್ನೇ 21 ದಿನಕ್ಕೂ ಹಿಗ್ಗಿಸಿದರೆಂದುಕೊಳ್ಳಿ: 0.73 ಬರುತ್ತದೆ. ಹಕ್ಕಿ ಅದೇ, ಬಯಲು ಅದೇ, ಉತ್ತರ ಮಾತ್ರ ಒಂದೂವರೆ ಪಟ್ಟು ಹತ್ತಿರ. ತಡವಾಗಿ ಸೇರಿದ ಮರಿಗಳನ್ನು ಬಿಸಾಡಬೇಕಿಲ್ಲ. ಅವು ಯಾವ ವಯಸ್ಸಿನಲ್ಲಿ ಸೇರಿದವೋ ಅಲ್ಲಿಂದ ಮಾತ್ರ ಲೆಕ್ಕಕ್ಕೆ ಬರಬೇಕು.

ದಿನವೂ ಎಲ್ಲ ಮರಿ ಸಿಕ್ಕಿದ್ದರೆ ಕ್ಯಾಪ್ಲಾನ್–ಮೈಯರ್‌ನ ತಡಪ್ರವೇಶ ರೂಪ (ದಿನದಿನದ ಬದುಕುಳಿಕೆಯನ್ನು ಗುಣಿಸುತ್ತ ಹೋಗುವ, ತಡವಾಗಿ ಸೇರಿದವನ್ನೂ ಒಳಗೊಳ್ಳುವ ಲೆಕ್ಕ) ಸಾಕು. ಭೇಟಿಯ ಅಂತರ ಹೆಚ್ಚುಕಡಿಮೆ ಇದ್ದರೆ ಗೂಡಿಗೆ ಬಳಸುವ, ಭೇಟಿಗಳ ನಡುವಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯುವ ಲಾಜಿಸ್ಟಿಕ್ ಎಕ್ಸ್‌ಪೋಶರ್ ಮಾದರಿಯನ್ನೇ ಮರಿಗೂ ಹಾಕಬಹುದು, ಬದುಕುಳಿಕೆ ಲೆಕ್ಕದ ಮಾರ್ಕ್ (MARK) ತಂತ್ರಾಂಶದ ನೆಸ್ಟ್ ಸರ್ವೈವಲ್ ಮಾದರಿಯೂ ಆದೀತು. ವಯಸ್ಸನ್ನು ನೇರ ಗೆರೆಯಾಗಿ ಹಾಕದೆ ಲಾಗ್ ರೂಪದಲ್ಲೋ, 1–4, 5–10, 11–21 ದಿನ ಎಂದು ಒಡೆದೋ ನೋಡಿ. ಹವಾಮಾನ, ಹುಲ್ಲಿನ ಎತ್ತರ ಇತ್ಯಾದಿಗಳಿಗೆ ಮೊದಲ ವಾರದಲ್ಲಿ ಒಂದು ಪರಿಣಾಮ, ಆಮೇಲೆ ಇನ್ನೊಂದು ಇರುವುದು ಸಾಮಾನ್ಯ. ಗೂಡು ಬಿಡುವ ಹೊತ್ತಿನ ತೂಕ ಮತ್ತು ರೆಕ್ಕೆಯ ಉದ್ದ ಎರಡನ್ನೂ ಅಳೆದಿಡಿ. ಓಡುವ, ಹಾರುವ ಶಕ್ತಿಯನ್ನು ರೆಕ್ಕೆ ಹೆಚ್ಚು ನೇರವಾಗಿ ಹೇಳುತ್ತದೆ.

ಎರಡನೆಯದು, ಒಂದೇ ಗೂಡಿನ ಎರಡು ಮರಿಗಳು ಎರಡು ಸ್ವತಂತ್ರ ಸ್ಯಾಂಪಲ್‌ಗಳಲ್ಲ. ಒಂದೇ ಮಳೆ, ಒಂದೇ ತಾಯಿ, ಒಂದೇ ಹಾವು. ಗೂಡನ್ನು ರ‍್ಯಾಂಡಮ್ ಎಫೆಕ್ಟ್ ಆಗಿ (ಗೂಡಿನಿಂದ ಗೂಡಿಗಿರುವ ವ್ಯತ್ಯಾಸವಾಗಿ) ಹಾಕಿ ಅಥವಾ ಗೂಡು ಗೂಡಾಗಿ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ಬೂಟ್‌ಸ್ಟ್ರ್ಯಾಪ್ ಮಾಡಿ. ಯಂತ್ರಗಳು ಕಡಿಮೆಯಿದ್ದರೆ ಒಂದು ಗೂಡಿಗೆ ಒಂದರಂತೆ ಹೆಚ್ಚು ಗೂಡುಗಳಿಗೆ ಹಂಚುವುದು ಮೇಲು.

ಮೂರನೆಯದು ಕಳೆದುಹೋದ ಸಿಗ್ನಲ್. ಹಾರುವ ಮರಿಯ ಸಿಗ್ನಲ್ ಹೋದರೆ ಅದು ದೂರ ಹೋಗಿರಬಹುದು, ಸೆನ್ಸಾರ್ ಮಾಡಿ, ಅಂದರೆ ಕೊನೆಗೆ ಕಂಡ ದಿನದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮೂರನೇ ದಿನದ, ಹಾರಲಾರದ ಮರಿಯ ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾದರೆ ಅದು ನಡೆದು ಊರು ಬಿಟ್ಟಿಲ್ಲ. ಯಂತ್ರ ಕೆಟ್ಟಿದೆ, ಇಲ್ಲವೇ ಮರಿ ಯಾರದೋ ಹೊಟ್ಟೆಯಲ್ಲಿ ಬಹುದೂರ ಸಾಗಿದೆ. ಇಂಥವನ್ನೆಲ್ಲ ಒಮ್ಮೆ ‘ಸತ್ತವು’ ಎಂದು, ಒಮ್ಮೆ ‘ಸೆನ್ಸಾರ್’ ಎಂದು ಎರಡು ಸಲ ಲೆಕ್ಕ ಹಾಕಿ, ಎರಡನ್ನೂ ವರದಿಯಲ್ಲಿ ಕೊಡಿ.

ಹೋಲಿಕೆಗೆ: ಅಮೆರಿಕದ ಮಿಸ್ಸೌರಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 72 ದಿನಗಳ ಒಟ್ಟು ಬದುಕುಳಿಕೆ ಡಿಕ್‌ಸಿಸೆಲ್‌ಗೆ ಸುಮಾರು 0.56, ಮೆಡೊಲಾರ್ಕ್‌ಗೆ 0.63. ಸಾವು ಕೇಂದ್ರೀಕರಿಸಿದ್ದು ಮೊದಲ ವಾರದಲ್ಲೇ.

ನಿಮ್ಮ ಮೂಲ ಒಗಟಿಗೂ ಇದೇ ಕೀಲಿ. ದೊಡ್ಡ ಹಕ್ಕಿಗಳ ವಾರ್ಷಿಕ ಬದುಕುಳಿಕೆ 0.50 ಎಂದುಕೊಳ್ಳಿ. ಸಂಖ್ಯೆ ನಿಲ್ಲಬೇಕಾದರೆ ಪ್ರತಿ ಹೆಣ್ಣಿಗೆ ಮರುವರ್ಷ ಮರಳುವ 0.5 ಹೆಣ್ಣುಮರಿ ಬೇಕು. ಗೂಡು ಬಿಟ್ಟ ಮರಿ ಒಂದು ವರ್ಷ ಬದುಕುವ ಸಾಧ್ಯತೆ 0.30 ಆದರೆ ಹೆಣ್ಣೊಂದು ವರ್ಷಕ್ಕೆ 3.3 ಮರಿ ಹೊರಡಿಸಬೇಕು. ಅದೇ ಸಾಧ್ಯತೆ 0.20ಕ್ಕೆ ಇಳಿದರೆ 5 ಮರಿ. ಗೂಡಿನ ಯಶಸ್ಸಿನಲ್ಲಿ ಒಂದು ಚುಕ್ಕೆಯೂ ಬದಲಾಗದೆ ಸಂಖ್ಯೆ ಕುಸಿಯುವುದು ಹೀಗೆ. ಮರಿಯ ವಾರ್ಷಿಕ ಬದುಕುಳಿಕೆಯನ್ನು ‘ದೊಡ್ಡದರ ಅರ್ಧ’ ಎಂದು ಊಹಿಸಿ ಮಾದರಿ ಕಟ್ಟುವ ಹಳೆಯ ರೂಢಿಯನ್ನು ಬಿಡಿ.

---

ಹುಲ್ಲಂಚು

ಗರಿಮೂಲ ಅವರು ಹೇಳಿದ್ದಕ್ಕೆ ಸೇರಿಸಬೇಕಾದ್ದು: ‘ದಟ್ಟ ಹುಲ್ಲು ಇದ್ದಷ್ಟೂ ಮರಿಗೆ ಕ್ಷೇಮ’ ಎಂದು ಇದನ್ನು ಓದಿಕೊಳ್ಳುವವರು ಇದ್ದಾರೆ, ಅದು ಅರ್ಧ ಸತ್ಯ. ಹಾರಲಾರದ ಮರಿಗೆ ತಲೆಯ ಮೇಲೆ ಮರೆ ಬೇಕು, ಕಾಲಿನ ಕೆಳಗೆ ದಾರಿಯೂ ಬೇಕು. ಒಣಹುಲ್ಲು ದಪ್ಪಗೆ ಮಲಗಿದ ಬಯಲಿನಲ್ಲಿ ಲಾರ್ಕ್ ಮರಿ ಓಡಲಾರದು, ಇಬ್ಬನಿಗೆ ಮೈ ನೆನೆಯುತ್ತದೆ. ಬರಿನೆಲವೇ ಹೆಚ್ಚಾದರೆ ಬಿಸಿಲು, ಹದ್ದು. ಗುಪ್ಪೆ ಗುಪ್ಪೆಯಾಗಿ ಬೆಳೆದು ನಡುವೆ ಸಂದು ಬಿಡುವ ಹುಲ್ಲು, ಅಗಲೆಲೆಯ ಗಿಡಗಳು ಬೆರೆತಿರುವ ಜಾಗ ಅವಕ್ಕೆ ಒಗ್ಗುತ್ತದೆ.

ಆದ್ದರಿಂದ ಅಳತೆಯನ್ನು ಮರಿಯ ಎತ್ತರದಲ್ಲಿ ಮಾಡಿ. ರೋಬೆಲ್ ಕೋಲು (ಹುಲ್ಲು ಎಷ್ಟು ಎತ್ತರದವರೆಗೆ ಮರೆ ಮಾಡುತ್ತದೆ ಎಂದು ತೋರುವ ಗುರುತುಕೋಲು; 4 ಮೀಟರ್ ದೂರದಿಂದ, 1 ಮೀಟರ್ ಎತ್ತರದಿಂದ ಓದುವುದು) ಒಟ್ಟು ದಟ್ಟಣೆ ಹೇಳುತ್ತದೆ. 20×50 ಸೆಂ.ಮೀ. ಚೌಕಟ್ಟಿನಲ್ಲಿ ಬರಿನೆಲ, ಹುಲ್ಲು, ಅಗಲೆಲೆಗಿಡ, ಒಣಹಾಸು ಶೇಕಡಾವಾರು ಬರೆಯಿರಿ, ಒಣಹಾಸಿನ ಆಳವನ್ನು ಸೆಂ.ಮೀ.ಗಳಲ್ಲಿ. ಇವುಗಳ ಜೊತೆಗೆ ನೆಲದಿಂದ 10 ಸೆಂ.ಮೀ. ಒಳಗಿನ ಮರೆಯನ್ನು ಪ್ರತ್ಯೇಕ ಅಳೆಯದಿದ್ದರೆ ಮರಿಯ ಲೋಕ ನಿಮ್ಮ ಹಾಳೆಗೆ ಬರುವುದೇ ಇಲ್ಲ. ಮರಿ ಸ್ಥಳ ಬಿಟ್ಟ ಮೇಲೆ, ಒಂದೆರಡು ದಿನದೊಳಗೆ ಅಳೆಯಿರಿ, ಹುಲ್ಲು ಬೆಳೆದುಬಿಡುತ್ತದೆ.

ಮರಿ ಇದ್ದ ಜಾಗದೊಂದಿಗೆ ಹೋಲಿಸುವ ಬಿಂದು ಆರಿಸುವಾಗ ಹೆಚ್ಚಿನವರು ಎಡವುತ್ತಾರೆ. ಎರಡನೇ ದಿನದ ಮರಿಯ ಜಾಗವನ್ನು ಇಡೀ ಬಯಲಿನ ಯಾವುದೋ ಮೂಲೆಗೆ ಹೋಲಿಸಿದರೆ ತಾಯಿ ಗೂಡಿಗೆ ಆರಿಸಿದ ಜಾಗವನ್ನೇ ಮತ್ತೆ ಅಳೆದಂತೆ. ಆ ವಯಸ್ಸಿನಲ್ಲಿ ಮರಿ ಒಂದು ದಿನಕ್ಕೆ ಹೋಗಬಲ್ಲ ದೂರದೊಳಗೆ ಹೋಲಿಕೆ ಬಿಂದು ಇರಲಿ: ಮೊದಲ ದಿನಗಳಲ್ಲಿ 10–30 ಮೀಟರ್, ಹಾರಲು ಕಲಿತ ಮೇಲೆ 100 ಮೀಟರ್ ಆಚೆ. ಜೋಡಿ ಬಿಂದುಗಳಿಗೆ ಕಂಡೀಷನಲ್ ಲಾಜಿಸ್ಟಿಕ್ (ಜೋಡಿಯೊಳಗೇ ಹೋಲಿಸುವ ಮಾದರಿ) ಹಾಕಿ.

ಹುಲ್ಲು ಕೊಯ್ಲು ಇರುವ ಬಯಲಾದರೆ ಕೊಯ್ಲಿನ ದಿನಾಂಕವನ್ನು ಖಾಲಿ ಗೂಡು ನೋಡಿ ನಿರ್ಧರಿಸಬೇಡಿ. ಗೂಡು ಖಾಲಿಯಾದ ಮೇಲೂ ಎರಡು ವಾರ ಮರಿಗಳು ಅದೇ ಹುಲ್ಲಿನಲ್ಲಿ ಕೂತಿರುತ್ತವೆ. ಮಧ್ಯದಿಂದ ಅಂಚಿಗೆ ಕೊಯ್ಯುವ ಉಪಾಯ ಓಡಬಲ್ಲ, ಹಾರಬಲ್ಲ ಮರಿಗಳಿಗೆ ಕೆಲಸಕ್ಕೆ ಬರುತ್ತದೆ. ಅಂಟಿ ಕೂರುವ ವಯಸ್ಸಿನ ಮರಿಗೆ ಯಾವ ದಿಕ್ಕಿನಿಂದ ಬಂದರೂ ಬ್ಲೇಡು ಬ್ಲೇಡೇ. ಬೋಬೊಲಿಂಕ್ ಇರುವ ಈಶಾನ್ಯ ಅಮೆರಿಕದ ಹುಲ್ಲುಹೊಲಗಳಲ್ಲಿ ಮೊದಲ ಕೊಯ್ಲನ್ನು ಬೇಗ ಮುಗಿಸಿ ಎರಡನೆಯದಕ್ಕೆ 65 ದಿನ ಬಿಡುವ ಪದ್ಧತಿ ಇದೆ. ಗೂಡು ಕಟ್ಟುವುದು, ಕಾವು, ಮರಿ, ಹಾರಾಟ ಎಲ್ಲವೂ ಆ ಬಿಡುವಿನಲ್ಲಿ ಹಿಡಿಸುವುದರಿಂದಲೇ ಅದು ಫಲ ಕೊಡುತ್ತದೆ.

---

ಬಯಲುನೋಟ

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಬ್ಯಾಟರಿ ಇಲ್ಲದ ಸೌರ ಟ್ಯಾಗ್‌ಗಳು ಅರ್ಧ ಗ್ರಾಂಗಿಂತ ಹಗುರ, ಅವು ಆಗಬಹುದೇ? ಟ್ರಾನ್ಸ್‌ಮಿಟರ್ ಇಲ್ಲದ ಗೂಡುಗಳಿಂದ ಬಣ್ಣದ ಉಂಗುರ ಮಾತ್ರ ಹಾಕಿ ಏನಾದರೂ ಪಡೆಯಬಹುದೇ?

---

ಆಂಟೆನಾಕೈ

ಸೌರ ಟ್ಯಾಗ್ ಈ ವಯಸ್ಸಿಗೆ ಬೇಡ. ಮರಿ ಇರುವುದೇ ಹುಲ್ಲಡಿಯ ನೆರಳಲ್ಲಿ, ಬೆನ್ನಿನ ತುಪ್ಪಳ ಬೆಳೆದು ಫಲಕವನ್ನೂ ಮುಚ್ಚುತ್ತದೆ. ರಾತ್ರಿ ಸದ್ದಿಲ್ಲ, ಸತ್ತು ಬಿಲ ಸೇರಿದರೆ ಹಗಲೂ ಸದ್ದಿಲ್ಲ. ನಿಮಗೆ ಅತಿ ಮುಖ್ಯವಾದ ಸಾವುಗಳೇ ಕಾಣದಾಗುತ್ತವೆ. ಸ್ವತಂತ್ರವಾದ ಮೇಲಿನ ಅಲೆದಾಟಕ್ಕೆ, ಸಿಗ್ನಲ್ ಹಿಡಿಯುವ ಸ್ವಯಂಚಾಲಿತ ಗೋಪುರಗಳ ಜಾಲ ಹತ್ತಿರವಿದ್ದರೆ, ಅವು ಚೆನ್ನ.

ಉಂಗುರದಿಂದ ಮರಿಯ ಸಾವಿನ ದಿನ ಸಿಗದು, ಆದರೆ ತಾಯಿತಂದೆಯನ್ನು ನೋಡಿ ಇಡೀ ಸಂಸಾರದ ಸ್ಥಿತಿ ತಿಳಿಯಬಹುದು. 40–50 ಮೀಟರ್ ದೂರದಲ್ಲಿ ಕೂತು ಗೂಡೊಂದಕ್ಕೆ ಒಂದು ಗಂಟೆ. ಹಿಕ್ಕೆಯ ಚೀಲ (ಮರಿಯ ಹಿಕ್ಕೆ ಸುತ್ತಿದ ಪೊರೆ) ಕಚ್ಚಿಕೊಂಡು ಹೊರಡುವ ಹಕ್ಕಿಗೆ ಮರಿ ಇನ್ನೂ ಗೂಡಿನಲ್ಲೇ ಇರಬಹುದು. ಮೇವು ಕಚ್ಚಿಕೊಂಡು ಎರಡು–ಮೂರು ಬೇರೆ ಬೇರೆ ಕಡೆ ಇಳಿದರೆ ಮರಿಗಳು ಚದುರಿವೆ, ಕನಿಷ್ಠ ಅಷ್ಟು ಬದುಕಿವೆ. ಮೇವು ತರುವುದು ಗೂಡು ಬಿಟ್ಟ ಒಂದು ವಾರದೊಳಗೇ ನಿಂತು ಗಂಡು ಮತ್ತೆ ಹಾಡಲು ಶುರು ಮಾಡಿದರೆ ಬಹುಶಃ ಎಲ್ಲವೂ ಹೋದವು. ಗಂಡು ಮಾತ್ರ ಮೇವು ತರುತ್ತಿದ್ದು ಹೆಣ್ಣು ಕಾಣದಿದ್ದರೆ ಅವಸರದ ತೀರ್ಮಾನ ಬೇಡ, ಅವಳು ಎರಡನೇ ಗೂಡಿನ ಮೇಲೆ ಕೂತಿರಬಹುದು. ಟ್ರಾನ್ಸ್‌ಮಿಟರ್ ಕಟ್ಟಿದ ಗೂಡುಗಳಲ್ಲೂ ಇದೇ ಒಂದು ಗಂಟೆಯ ವೀಕ್ಷಣೆ ಮಾಡಿ. ಎರಡರ ಉತ್ತರ ಎಷ್ಟು ಸಲ ಹೊಂದುತ್ತದೆ ಎಂದು ಗೊತ್ತಾದರೆ ಉಂಗುರದ ಗೂಡುಗಳ ಮಾಹಿತಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೆ ತಿದ್ದುಪಡಿ ಸಿಗುತ್ತದೆ.